ಬಾಲ್ಕನಿಯಲ್ಲಿಟ್ಟ ತೈವಾನ್ ಪೆಟ್ಟಿಗೆ

ವಸಂತ ಕಾಕಾ,

ಇತ್ತ ಎಲ್ಲರೂ ಕ್ಷೇಮ ಅಂತ ಬರೆಯಬಹುದು. ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ ಅಂತ ಹೇಗೆ ಬರೆಯಲಿ? ನೀವು ಹೋಗಿ ಎರಡು ತಿಂಗಳ ಮೇಲಾಯಿತು. ಹೆಲ್ಗಾ ಕಾಕು ಗಟ್ಟಿಯಾಗಿದ್ದಾರೆ. ನಿಮ್ಮ ಹೆಂಡತಿ ಅಲ್ಲವೇ, ಅಳುವುದಕ್ಕೂ ಟೈಮ್‌ಟೇಬಲ್ ಹಾಕಿಕೊಂಡಿದ್ದಾರೆ. ನಿಮ್ಮ ಚಳಿಗಾಲದ ಕೋಟನ್ನು ಮಾತ್ರ ಯಾರಿಗೂ ಕೊಡುವುದಿಲ್ಲವಂತೆ. ನಾನು ಬರೆಯಲು ಕೂತದ್ದು ಬೇರೆ ಕಾರಣಕ್ಕೆ. ಆಸ್ಪತ್ರೆಯಲ್ಲಿ ನಿಮಗೊಂದು ಸುದ್ದಿ ಹೇಳಿದ್ದೆನಲ್ಲ, ಅದು ತಪ್ಪು ಸುದ್ದಿ ಕಾಕಾ.

ವೋಲ್ಫ್ಸ್‌ಬುರ್ಗ್‌ನ ನಿಮ್ಮ ಮನೆಗೆ ಮೊದಲ ಸಲ ಬಂದ ದಿನ ನೆನಪಿದೆಯೇ? ನಾನು ಹುಬ್ಬಳ್ಳಿಯಿಂದ ಬಂದು ನಾಲ್ಕು ತಿಂಗಳಾಗಿತ್ತು. ಬ್ರೌನ್‌ಶ್ವೈಗ್ ಹತ್ತಿರದ ಉಕ್ಕು ಉಜ್ಜುವ ಸಾಣೆ ಯಂತ್ರ ಮಾಡುವ ಆ ಸಣ್ಣ ಕಾರ್ಖಾನೆಯಲ್ಲಿ ಅಳತೆ ಯಂತ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ. ನೀವು ಕಾರಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಅಳತೆ ನೋಡಿ ನಿವೃತ್ತರಾಗಿ, ನಮ್ಮ ಕಾರ್ಖಾನೆಯ ಯಜಮಾನರಿಗೆ ಸಲಹೆಗಾರರಾಗಿದ್ದಿರಿ. ನನ್ನ ಪಾಸ್‌ಪೋರ್ಟ್ ಇಸಿದುಕೊಂಡು, ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುವ ಪರವಾನಗಿ ಚೀಟಿಯನ್ನು ಕನ್ನಡಕ ಹಣೆಗೇರಿಸಿ ನೋಡಿದಿರಿ. "ಗ್ರೀನ್ ಕಾರ್ಡ್ ಗ್ರೀನ್ ಕಾರ್ಡ್ ಅಂತ ಪೇಪರಿನ್ಯಾಗೆಲ್ಲಾ ಬರೀತಾರ, ನೋಡಿದ್ರ ಇಷ್ಟs ಚೀಟಿ! ಹಾಲಿನ ಪಾಕೀಟಿಗೆ ಹಾಕಿದಂಗ ಮ್ಯಾಲೊಂದು ತಾರೀಖು ಬ್ಯಾರೆ." ಹೆಲ್ಗಾ ಕಾಕು ಏನೆಂದು ಕೇಳಿದರು. ನೀವು ಜರ್ಮನ್‌ನಲ್ಲಿ ಹೇಳಿದಿರಿ. ಅವರು ನಗಲಿಲ್ಲ, ಆ ತಾರೀಖನ್ನು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅಳತೆ ಕೋಣೆಗೆ ಕರೆದುಕೊಂಡು ಹೋಗಿ ನೀವು ಕಲಿಸಿದ ಪಾಠ ಒಂದೇ ಒಂದು. ಕಂಪ್ಯೂಟರ್ ಓದಿದ ನನಗೆ ಉಕ್ಕು ಅಂದರೆ ಉಕ್ಕು, ಅಷ್ಟೇ. ನೀವು ಆಗ ತಾನೇ ಬಂದ ತುಂಡೊಂದನ್ನು ಮುಟ್ಟಿ, "ಹೊರಗಿಂದ ಬಂದದ್ದು ಅಂದ್ರ ಪರಊರಿಂದ ಬಂದ ಬೀಗರಿದ್ದಂಗ. ಬಂದ ಕೂಡ್ಲೆ ಪ್ರಶ್ನೆ ಕೇಳಬಾರದು. ಒಂದು ರಾತ್ರಿ ಇಲ್ಲೇ ಮಲಗ್ಲಿ. ದ್ವಾಸಿ ಹಿಟ್ಟಿಗೆ ಒಂದು ರಾತ್ರಿ ಕೊಡ್ತೀಯಿಲ್ಲೋ, ಹಂಗs ಇದಕ್ಕೂ" ಎಂದಿರಿ. ಕೋಣೆಯ ಇಪ್ಪತ್ತು ಡಿಗ್ರಿಗೆ ಉಕ್ಕು ಹೊಂದಿಕೊಳ್ಳಬೇಕು, ಚಳಿಗೆ ಅದು ಕುಗ್ಗಿರುತ್ತದೆ, ಅಳತೆ ಸುಳ್ಳು ಹೇಳುತ್ತದೆ. ನಾನು ತಲೆ ಆಡಿಸಿದೆ. ಆಮೇಲೆ ತುಂಡಿನ ಉಷ್ಣಾಂಶ ಎಷ್ಟು ಎಂದು ಕೇಳುವ ಸಾಲನ್ನು ನನ್ನ ಪ್ರೋಗ್ರಾಮಿನಲ್ಲಿ ನಾನೇ ಬರೆದೆ. ನೀವು ಬೆನ್ನು ತಟ್ಟಿದಿರಿ.

ತೈವಾನಿನ ತೈಚುಂಗ್‌ನಿಂದ, ಅಲ್ಲಿನ ಕಾರ್ಖಾನೆಗಳನ್ನು ನೋಡಿಕೊಂಡು, ನೀವು ಮರಳಿದ ಶರತ್ಕಾಲದಲ್ಲಿ ಕಾರ್ಖಾನೆಯ ಗಾಳಿಯೇ ಸರಿ ಇರಲಿಲ್ಲ. ಆರ್ಡರ್‌ಗಳು ಇಳಿಯುತ್ತಿದ್ದವು, ಯಜಮಾನರು ಯಾರ ಮುಖವನ್ನೂ ನೇರವಾಗಿ ನೋಡುತ್ತಿರಲಿಲ್ಲ. ನೀವೊಬ್ಬರೇ ಹಬ್ಬಕ್ಕೆ ಹೋಗಿ ಬಂದವರ ಹಾಗೆ ಇದ್ದಿರಿ. ಫ್ರೌ ಲಿನ್, ನಮ್ಮ ಮಾತಿನಲ್ಲಿ ಶ್ರೀಮತಿ ಲಿನ್, ಎಂಬಾಕೆಯ ಕಾರ್ಖಾನೆ ನೋಡಿದ್ದಿರಿ. ಮೇಲೆ ಮನೆ, ಕೆಳಗೆ ಯಂತ್ರಗಳು. ಯಂತ್ರದ ತಲೆ ಹಿಂದೆ ಮುಂದೆ ಜಾರುವುದಕ್ಕೆ ಬೇಕಾದ ಉಕ್ಕಿನ ಹಳಿಗಳನ್ನು ಆಕೆ ಮಾಡುತ್ತಿದ್ದರು. ಬೆಳಿಗ್ಗೆ ನೀವು ತೋರಿಸಿದ ದೋಷವನ್ನು ಸಂಜೆ ಚಹಾದ ಹೊತ್ತಿಗೆ ತಿದ್ದಿ ಹೊಸ ತುಂಡು ತಂದಿಟ್ಟರಂತೆ. "ಒಂದs ಓಣಿಯೊಳಗ ಸ್ಕ್ರೂ ಮಾಡವ ಅದಾನ, ಗಿಯರ್ ಮಾಡವ ಅದಾನ, ಎಲ್ಲಾರೂ ಸೈಕಲ್ ಮ್ಯಾಲೆ ಮಾಲು ತಂದು ಕೊಡ್ತಾರ. ನಮ್ಮವರು ಅಗ್ಗ ಸಿಗ್ತದಂತ ಅಲ್ಲಿಗೆ ಹೋಗ್ತಾರ. ಅಗ್ಗ ಹುಡುಕಿಕೋತ ಹೋದವ ಅಗ್ಗದ್ದs ತರ್ತಾನ. ಕಲೀಲಿಕ್ಕೆ ಹೋಗಬೇಕು ಸುಮಾ." ಅವರ ಹಳಿ ನಮಗೆ ಬರಲಿ, ನಮ್ಮ ಸಾಣೆ ಯಂತ್ರ ಅವರಿಗೆ ಹೋಗಲಿ, ಅವರ ಕಾರ್ಖಾನೆಯಲ್ಲಿ ನಮ್ಮದೂ ಒಂದು ಪಾಲಿರಲಿ ಅನ್ನುವುದು ನಿಮ್ಮ ಯೋಜನೆ. ಯಜಮಾನರು ಒಂದೇ ಷರತ್ತು ಹಾಕಿದರು. ಗೇಣುದ್ದದ ನಾಲ್ಕು ಹಳಿ ಮಾದರಿಗೆ ಬರಲಿ, ಅಳತೆ ಸರಿ ಇದ್ದರೆ ಮುಂದಿನ ಮಾತು, ಇಲ್ಲದಿದ್ದರೆ ತೈವಾನಿನ ಹೆಸರೆತ್ತಬೇಡಿ. ನೀವು ಒಪ್ಪಿದಿರಿ. "ನನ್ನ ಕಣ್ಣು ಇಷ್ಟು ವರ್ಷದಾಗ ಸೋತಿಲ್ಲ" ಅಂದಿರಿ, ಅಷ್ಟು ಜನರ ಎದುರಿಗೆ.

ಜನವರಿಯಲ್ಲಿ ನೀವು ಆಸ್ಪತ್ರೆ ಸೇರಿದಿರಿ. ಹಾಗಾಗಿ ನಿಮ್ಮ ಮನೆಗೆ ಬರಬೇಕಿದ್ದ ಮಾದರಿ ಹಳಿಗಳ ಪಾರ್ಸೆಲ್ ನನ್ನ ಮನೆ ವಿಳಾಸಕ್ಕೆ ಬಂತು. ನಾನು ಕೆಲಸದಲ್ಲಿದ್ದೆ, ಅಂಚೆಯವನು ಪಕ್ಕದ ಮನೆಯ ಅಜ್ಜಿಗೆ ಕೊಟ್ಟು ಹೋಗಿದ್ದ. ಸಂಜೆ ಒಳಗೆ ತಂದರೆ ತುಕ್ಕು ಹಿಡಿಯದಂತೆ ಬಳಿದ ಎಣ್ಣೆಯ ವಾಸನೆ ಕೋಣೆ ತುಂಬಿತು. ಇರುವುದು ಒಂದೇ ಕೋಣೆ. ಹೀಟರ್ ಪಕ್ಕದಲ್ಲಿ ಕಂಬಳಿ ಹೊದಿಸಿಟ್ಟ ದೋಸೆ ಹಿಟ್ಟು. ಅದು ನಿಮಗಾಗಿ. ಹಿಂದಿನ ದಿನ ನೀವೇ ಅಲ್ಲವೇ ಅಂದದ್ದು, "ಒಂದು ದ್ವಾಸಿ ತಿನ್ಬೇಕು ಅನಸ್ತದ ನೋಡು" ಅಂತ? ಹಿಟ್ಟಿಗೆ ಎಣ್ಣೆ ವಾಸನೆ ಹಿಡಿಯಬಾರದು ಅಂತ ಪೆಟ್ಟಿಗೆಯನ್ನು ಎತ್ತಿ ಬಾಲ್ಕನಿಯಲ್ಲಿಟ್ಟೆ. ಹೊರಗೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ. ಹಿಟ್ಟಿಗೆ ಒಂದು ರಾತ್ರಿ ಕೊಟ್ಟೆ ಕಾಕಾ, ನಿಮ್ಮ ಪಾಠದ ಉಳಿದರ್ಧ ಮರೆತೆ.

ಮರುದಿನ ಬೆಳಿಗ್ಗೆ ಹತ್ತಕ್ಕೆ ಯಜಮಾನರಿಗೆ ಉತ್ತರ ಬೇಕಾಗಿತ್ತು. ತೈಚುಂಗ್‌ನಲ್ಲಿ ಆಗ ಸಂಜೆ, ಫ್ರೌ ಲಿನ್ ಫೋನಿನ ಪಕ್ಕದಲ್ಲೇ ಕಾಯುತ್ತಿದ್ದರಂತೆ. ನಾನು ಟ್ರಾಮಿನಿಂದ ಇಳಿದು ಓಡಿ, ಕೈ ಉಜ್ಜಿಕೊಳ್ಳುತ್ತಾ ಹಳಿಗಳನ್ನು ಯಂತ್ರಕ್ಕೆ ಹೂಡಿದೆ. ಉಷ್ಣಾಂಶ ಎಷ್ಟು ಎಂದು ನನ್ನದೇ ಪ್ರೋಗ್ರಾಂ ಕೇಳಿತು. ದಿನಾ ಒತ್ತುವ ಹಾಗೆ ಇಪ್ಪತ್ತು ಅಂತ ಒತ್ತಿದೆ. ಮೊದಲ ತೂತಿನಿಂದ ಕೊನೆಯ ತೂತಿನವರೆಗಿನ ದೂರ ನಾಲ್ಕರಲ್ಲೂ ಒಂದು ಕೂದಲಿನಷ್ಟು ಕಡಿಮೆ ಬಂತು. ವರದಿಗೆ ಸಹಿ ಹಾಕಿದೆ. ಯಜಮಾನರು ಓದಿ, ಮಡಚಿ, ಫೋನ್ ಎತ್ತಿಕೊಂಡರು. ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತಾರಲ್ಲ, ಅದು ನನಗೇ ಹೇಳಿದ್ದು.

ಅವತ್ತು ಮಧ್ಯಾಹ್ನ ಆಸ್ಪತ್ರೆಯಲ್ಲಿ ನೀವು ದಿಂಬಿಗೆ ಒರಗಿ ದೋಸೆ ತಿನ್ನುತ್ತಿದ್ದಿರಿ. ಚಟ್ನಿಪುಡಿಗೆ ಎಣ್ಣೆ ಕಮ್ಮಿ ಅಂತ ತಕರಾರು ತೆಗೆದಿರಿ, ನನಗೆ ಅದೆಷ್ಟು ಸಮಾಧಾನವಾಯಿತು! ಅಷ್ಟಕ್ಕೇ ಸುಮ್ಮನಿರಬಾರದಿತ್ತೇ ನಾನು? ಅಳತೆ ಏನಾಯ್ತು ಅಂತ ಕೇಳಿದಿರಿ. ಚೀಲದಲ್ಲಿ ತಂದಿದ್ದ ಒಂದು ಹಳಿಯನ್ನು ನಿಮ್ಮ ಹಾಸಿಗೆಯ ಮೇಲಿಟ್ಟೆ. ಹೇಳಿದೆ. ನಿಮ್ಮ ಕೈ ತಟ್ಟೆಯ ಮೇಲೇ ನಿಂತಿತು. "ನಾಕಕ್ಕೂ ಅಷ್ಟs ಕಮ್ಮಿ ಏನು?" ಅಂದಿರಿ. ಹೌದು ಕಾಕಾ ಅಂದೆ. ನೀವು ಇನ್ನೇನೋ ಕೇಳುವವರಿದ್ದಿರಿ, ಅಷ್ಟರಲ್ಲಿ ನರ್ಸ್ ಸೂಜಿ ಹಿಡಿದುಕೊಂಡು ಬಂದಳು. ಅವಳು ಹೋದ ಮೇಲೆ, "ಈ ತುಂಡು ನನ್ನ ಕಡೆ ಇರ್ಲಿ. ಕಣ್ಣು ಸೋತೂ ಅಂದ್ರ ಸೋತೂ, ಆತು ಬಿಡು" ಅಂದು ಕಿಟಕಿಯ ಕಡೆ ತಿರುಗಿದಿರಿ. ಅರ್ಧ ದೋಸೆ ಹಾಗೇ ಉಳಿಯಿತು. ಒಂಬತ್ತು ದಿನಕ್ಕೆ ನೀವು ಹೊರಟುಹೋದಿರಿ. ನಾಲ್ಕೂ ಒಂದೇ ಸಮ ತಪ್ಪುವುದು ಹೇಗೆ ಅಂತ ಕೇಳಲು ಹೊರಟಿದ್ದಿರಾ? ನಿಮಗೆ ಗೊತ್ತಾಗಿತ್ತೇ, ಅಥವಾ...

ಕಾರ್ಯಗಳೆಲ್ಲ ಮುಗಿದ ಮೇಲೆ ಹೆಲ್ಗಾ ಕಾಕು ಆ ತುಂಡನ್ನು ನಿಮ್ಮ ಕರವಸ್ತ್ರದಲ್ಲಿ ಸುತ್ತಿ ನನಗೆ ಕೊಟ್ಟರು. ಅದು ಅಳತೆ ಕೋಣೆಯ ನನ್ನ ಮೇಜಿನ ಮೇಲೆ ಒಂದು ತಿಂಗಳು ಕೂತಿತ್ತು. ಹೋದ ವಾರ ಅಳತೆ ಯಂತ್ರಕ್ಕೆ, ತುಂಡನ್ನು ಮುಟ್ಟಿ ಅಳೆಯುವ ಹೊಸ ಸೂಜಿ ಹಾಕಿದಾಗ, ಪರೀಕ್ಷೆಗೆ ಕೈಗೆ ಸಿಕ್ಕಿದ್ದು ಅದೇ. ಅಳತೆ ಸರಿಯಾಗಿ ಬಂತು. ಹೊಸ ಸೂಜಿಯೇ ಕೆಟ್ಟಿದೆ ಅಂದುಕೊಂಡೆ. ಕಪಾಟಿನಿಂದ ಉಳಿದ ಮೂರನ್ನೂ ತೆಗೆದು ಅಳೆದೆ. ಅವೂ ಸರಿ. ಆಗ ನನ್ನ ಕಣ್ಣ ಮುಂದೆ ಬಂದದ್ದು ಬಾಲ್ಕನಿ, ಕಂಬಳಿ ಹೊದ್ದ ಪಾತ್ರೆ. ಅವತ್ತು ಚಳಿಯಿಂದ ನೇರ ತಂದ ಉಕ್ಕಿಗೆ ನಾನು ಇಪ್ಪತ್ತು ಅಂತ ಒತ್ತಿದ್ದೆ. ನಾಲ್ಕನ್ನೂ ಆ ರಾತ್ರಿ ಅಲ್ಲೇ ಮೇಜಿನ ಮೇಲೆ ಬಿಟ್ಟು, ಬೆಳಿಗ್ಗೆ ಉಷ್ಣಾಂಶ ನೋಡಿ, ಇನ್ನೊಮ್ಮೆ ಅಳೆದೆ. ಕಾಕಾ, ಕೂದಲು ಬಿಡಿ, ಕೂದಲಿನ ನೆರಳಿನಷ್ಟೂ ವ್ಯತ್ಯಾಸವಿರಲಿಲ್ಲ.

ಮೂರು ದಿನ ಬಾಯಿ ಬಿಡಲಿಲ್ಲ. ಸುಳ್ಳೇಕೆ, ಹೆದರಿದ್ದೆ. ವಿದೇಶಿಯರ ಕಚೇರಿಯಲ್ಲಿ ನನ್ನ ಚೀಟಿ ನಿಂತಿರುವುದೇ ಈ ಕೆಲಸದ ಮೇಲೆ. ಯಜಮಾನರು ಮನೆಗೆ ಹೋಗು ಅಂದರೆ, ಬೇರೆ ಕೆಲಸ ಸಿಗದಿದ್ದರೆ ನೇರ ಹುಬ್ಬಳ್ಳಿ. ಬೇರೆ ಕೆಲಸವಾದರೂ ಎಲ್ಲಿದೆ ಈಗ? ನಿಮ್ಮ ಹಾಲಿನ ಪಾಕೀಟಿನ ಮಾತು ನೆನಪಾಗಿ, ತಾರೀಖಿಗೆ ಮೊದಲೇ ಹಾಲು ಒಡೆಯಿತು ಅಂತ ನಗುವೂ ಬಂತು. ಆದರೆ ನಿಮ್ಮನ್ನು ಆ ಕಿಟಕಿಯ ಕಡೆ ತಿರುಗಿಸಿ ಕಳಿಸಿದವಳು ನಾನು. ಅದನ್ನು ಬಚ್ಚಿಟ್ಟುಕೊಂಡು ಇಲ್ಲಿ ಉಳಿದು ಏನು ಮಾಡಲಿ? ನಾಲ್ಕನೆಯ ದಿನ ಎರಡು ವರದಿಗಳನ್ನೂ ಯಜಮಾನರ ಮುಂದಿಟ್ಟು, ಹಿಟ್ಟು, ಬಾಲ್ಕನಿ ಎಲ್ಲ ಹೇಳಿದೆ. ಅವರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರು. ಕೊನೆಗೆ, "ವಸಂತ್ ಇದ್ದಿದ್ದರೆ ನಿಮಗೆ ಸರಿಯಾಗಿ ಬೈಯುತ್ತಿದ್ದ. ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ" ಅಂದು ಫೋನನ್ನು ನನ್ನ ಕಡೆ ತಳ್ಳಿದರು. "ನೀವೇ ಮಾತಾಡಿ."

ಫ್ರೌ ಲಿನ್ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಆ ದಿನ ಅಲ್ಲಿ ಚಳಿ ಎಷ್ಟಿತ್ತು ಅಂತ ಮಾತ್ರ ವಿಚಾರಿಸಿದರು. ಹೇಳಿದೆ. ಸಣ್ಣಗೆ ನಕ್ಕರು, ಅವಮಾನ ಮಾಡುವ ನಗುವಲ್ಲ. ಆಮೇಲೆ, "ಮಿಸ್ಟರ್ ವಸಂತ್‌ಗೆ ಹೇಳಿದಿರಾ?" ಎಂದರು. ಅವರು ತೀರಿಕೊಂಡರು ಅಂದೆ. ಆ ಕಡೆ ಯಂತ್ರವೊಂದನ್ನು ನಿಲ್ಲಿಸಿದ ಸದ್ದು ಕೇಳಿತು. "ಅದಕ್ಕೇನು? ನಮ್ಮ ಮನೆಯಲ್ಲಿ ಹೋದವರಿಗೂ ಸುದ್ದಿ ಹೇಳುತ್ತೇವೆ. ಹೊಸ ಯಂತ್ರ ಬಂದರೆ ಮಾವನ ಫೋಟೋ ಮುಂದೆ ಹೇಳಿಯೇ ಚಾಲೂ ಮಾಡುವುದು. ನೀವೂ ಹೇಳಿ" ಅಂದರು.

ಅದಕ್ಕೇ ಈ ಪತ್ರ. ಯಜಮಾನರು ತಮ್ಮ ಷರತ್ತಿನ ಮಾತಿಗೆ ನಿಂತರು, ಮುಂದಿನ ಗುರುವಾರ ಅವರ ಜೊತೆ ನಾನೂ ತೈಚುಂಗ್‌ಗೆ ಹೊರಟಿದ್ದೇನೆ. ಹಳಿ ಇತ್ತ, ಸಾಣೆ ಯಂತ್ರ ಅತ್ತ, ಪಾಲುದಾರಿಕೆಯೂ ಸೇರಿ, ಎಲ್ಲ ನೀವು ಹೇಳಿದ ಹಾಗೇ. ಸಹಿ ಹಾಕುವ ಕಾಗದ ಹಾರದಂತೆ ಮೇಲಿಡುವುದು ನಿಮ್ಮ ತುಂಡನ್ನೇ. ನಾಳೆ ಹೆಲ್ಗಾ ಕಾಕುವಿಗೆ ದೋಸೆ ಮಾಡಿ, ಅವರಿಗೂ ಇದನ್ನೆಲ್ಲ ಹೇಳುತ್ತೇನೆ. ನಿಮ್ಮ ಕಣ್ಣು ಸೋತಿರಲಿಲ್ಲ ಕಾಕಾ. ನಾಲ್ಕೂ ಸರಿ ಇದ್ದವು. ಆ ಉಳಿದರ್ಧ ದೋಸೆಯನ್ನು ಈಗಲಾದರೂ ತಿಂದುಬಿಡಿ.

ನಿಮ್ಮ,
ಸುಮಾ