ಕುಂಡದ ಮಣ್ಣು

ಪ್ರೀತಿಯ ಅಣ್ಣನಿಗೆ,

ಅಪ್ಪನ ಚಿತೆಯ ಬೂದಿಯನ್ನು ಅವರೇ ಸಾಕಿದ್ದ ಅಜೇಲಿಯಾ ಹೂಗಿಡದ ಕುಂಡಕ್ಕೇ ಅಮ್ಮ ಬೆರೆಸಿದ್ದು ನಿನಗೆ ಗೊತ್ತು. ಆಮೇಲೆ ಗಿಡದ ಎಲೆಗಳೆಲ್ಲ ಹಳದಿಯಾದವು. ಅಮ್ಮ ಅದರ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟಳು. "ಆವತ್ತು ನನ್ ಜೊತೆ ಜಗಳ ಆಡ್ಕೊಂಡೇ ಹೋದ್ರು ಕಣೇ. ಈಗ್ಲೂ ಮುನಿಸು ನೋಡು, ನನ್ನ ಕೈ ನೀರೂ ಬೇಡ್ವಂತೆ" ಎಂದು ಊಟ ಬಿಟ್ಟಳು.

ನಾನು ಒಂದು ಹಿಡಿ ಮಣ್ಣನ್ನು ನರ್ಸರಿಯವನಿಗೆ ತೋರಿಸಿದೆ. "ಹುಳಿ ಮಣ್ಣಲ್ಲಿ ಬೆಳೆಯೋ ಗಿಡಕ್ಕೆ ಯಾವ ಪುಣ್ಯಾತ್ಮ ಬೂದಿ ಸುರಿದಿದ್ದು? ಮಣ್ಣೆಲ್ಲ ಕ್ಷಾರ ಆಗಿದೆ. ಪೂರ್ತಿ ಬದಲಾಯಿಸಿ, ಚೂರು ಗಂಧಕ ಬೆರೆಸಿ" ಎಂದ. ಇದನ್ನು ಅಮ್ಮನಿಗೆ ಯಾವ ಬಾಯಲ್ಲಿ ಹೇಳಲಿ? ಮಧ್ಯಾಹ್ನ ಅವಳಿಗೆ ನಿದ್ದೆ ಹತ್ತಿದಾಗ ಬೇರು ತೊಳೆದು ಹೊಸ ಮಣ್ಣು ತುಂಬಿಸಿದೆ.

ಮೊನ್ನೆ ಹಸಿರು ಚಿಗುರು ಕಂಡಿತು. "ಅಂತೂ ಸಿಟ್ಟು ಇಳೀತಪ್ಪಾ ನಿಮ್ಮಪ್ಪಂಗೆ" ಎಂದು ಅಮ್ಮ ನಗುತ್ತಾ ಉಂಡಳು. ಈಗ ದಿನವಿಡೀ ಕುಂಡದ ಜೊತೆಯೇ ಮಾತು. ಮಣ್ಣು ಬದಲಾಯಿಸಿದ್ದನ್ನು ಫೋನಿನಲ್ಲಿ ಅವಳ ಹತ್ತಿರ ನೀನು ಬಾಯಿ ಬಿಡಬೇಡ.

ಹಳೆಯ ಮಣ್ಣು ಬಕೆಟ್ಟಿನಲ್ಲಿ, ನನ್ನ ಮಂಚದ ಕೆಳಗಿದೆ. ಬೇಗ ಬಾ ಅಣ್ಣ. ಎಲ್ಲಿಗೆ ಒಯ್ಯುವುದೆಂದು ಇಬ್ಬರೂ ಯೋಚಿಸೋಣ. ಅಪ್ಪನನ್ನು ಒಬ್ಬಳೇ ಎತ್ತಲು ನನ್ನಿಂದ ಆಗುತ್ತಿಲ್ಲ.

ನಿನ್ನ ತಂಗಿ