ಬೆಸುಗೆಯ ಪುಡಿ

ಮಾರ್ಚ್ 3, ಬೆಳಿಗ್ಗೆ

ಗುಜರಿ ಕಂಪ್ಯೂಟರ್ ಬೋರ್ಡಿನ ಮೂಟೆಗಳು ಬಂದಿವೆ. ಕೆಂಡದ ಮೇಲೆ ಹೆಂಚು, ಹೆಂಚಿನ ಮೇಲೆ ಬೋರ್ಡು. ಬೆಸುಗೆ ಕರಗಿದ ಕೂಡಲೇ ಇಕ್ಕಳದಲ್ಲಿ ಚಿಪ್ ಕೀಳಬೇಕು — ಅದು ನನ್ನ ಪಾಲು. ಆಸಿಡ್ಡಿಗೆ ಹಾಕಿ ಚಿನ್ನ ಬಿಡಿಸುವುದು ಇವರ ಪಾಲು. ಕಿವಿಯಲ್ಲಿ ಗುಂಜಿ ಚಿನ್ನವೂ ಇಲ್ಲದ ನಾನು ದಿನವಿಡೀ ಚಿನ್ನ ಕೀಳುತ್ತೇನೆ. ನಗು ಬರುತ್ತದೆ.

ಚಿಲಿಪಿಲಿ ಮಂಕಾಗಿದ್ದಾಳೆ. ನಾಲ್ಕು ವರ್ಷದ ಮಗಳು. ಬಾಯಿ ಮುಚ್ಚದವಳು ಅಂತಲೇ ಆ ಅಡ್ಡಹೆಸರು. ಈಗ ಬೇಕಾದ್ದನ್ನೆಲ್ಲ ಬೆರಳಲ್ಲಿ ತೋರಿಸುತ್ತಾಳೆ.

ಮಾರ್ಚ್ 9

ಚಿಲಿಪಿಲಿಯ ರಕ್ತದಲ್ಲಿ ಸೀಸ ಇದೆಯಂತೆ. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು. "ಬೆಸುಗೆಯಲ್ಲಿರೋದು ಸೀಸ, ಅದರ ಪುಡಿ ಮಗು ಹೊಟ್ಟೆಗೆ ಹೋಗ್ತಿದೆ. ನಿಲ್ಲಿಸದಿದ್ರೆ ಇರೋ ಮಾತೂ ಹೋಗುತ್ತೆ ಕಣಮ್ಮ," ಅಂದರು.

ಒಲೆಯನ್ನು ಮನೆಯಿಂದ ಹಿತ್ತಲ ಶೆಡ್ಡಿಗೆ ಸಾಗಿಸಿದ್ದಾಯಿತು. ಕೆಲಸವನ್ನೇ ಬಿಡೋಣವೆಂದರೆ ಹೊಟ್ಟೆ ಕೇಳಬೇಕಲ್ಲ.

ಏಪ್ರಿಲ್ 14

ಸೀಸ ಇಳಿದಿಲ್ಲ. ಏರಿದೆ. ಶೆಡ್ಡಿಂದ ಬಂದು ಬಟ್ಟೆ ಬದಲಿಸಿ, ಮೈ ತೊಳೆದುಕೊಂಡೇ ನಾನು ಅವಳನ್ನು ಮುಟ್ಟುವುದು. ಇವರ ಮೇಲೆ ಹರಿಹಾಯ್ದೆ — "ನಿಮ್ಮ ಅಂಗಿಯಿಂದಲೇ ಬರ್ತಿರೋದು."

"ನಾನು ಅವಳನ್ನ ಎತ್ತಿಕೊಂಡೇ ತಿಂಗಳಾಯ್ತು ಕಣೇ," ಅಂದರು.

ಆಡಬಾರದ ಮಾತು ಆಡಿದೆ. ಅತ್ತೆ ಮಗುವಿನ ಬಟ್ಟಲನ್ನು ಮತ್ತೆ ಮತ್ತೆ ಉಜ್ಜುತ್ತಿದ್ದಾರೆ. ಈಗ ಅವಳ ಬಾಯಲ್ಲಿ ಉಳಿದಿರುವುದು ಅಮ್ಮ ಅನ್ನುವುದೊಂದೇ.

ಏಪ್ರಿಲ್ 16, ಮಧ್ಯಾಹ್ನ

ಪಕ್ಕದಲ್ಲಿ ಮಲಗಿದ್ದಾಳೆ. ನನ್ನ ಜಡೆಯ ತುದಿ ಅವಳ ಬಾಯಲ್ಲಿ. ಮೊಲೆ ಬಿಡಿಸಿದಾಗಿನಿಂದ ಬಂದ ಚಾಳಿ, ಅದಿಲ್ಲದೆ ನಿದ್ದೆ ಇಲ್ಲ. ಮೆಲ್ಲಗೆ ಎಳೆದುಕೊಂಡೆ. ಬಿಳಿ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು.

ಮೈಗೆ ದಿನಾ ಸ್ನಾನ. ತಲೆಗೆ ವಾರಕ್ಕೊಮ್ಮೆ. ಎಣ್ಣೆ ಹಚ್ಚಿದ ಜಡೆ, ಪುಡಿಯೆಲ್ಲ ಅಂಟಿಕೊಂಡಿದೆ... ನಾನೇ ಉಣಿಸಿದ್ದೇನೆ. ದಿನಾ, ತಟ್ಟಿ ಮಲಗಿಸುತ್ತಾ.

ಏಪ್ರಿಲ್ 17

ಅತ್ತೆಯ ಕೈಗೆ ಕತ್ತರಿ ಕೊಟ್ಟೆ. "ಬುಡಕ್ಕೇ ಕತ್ತರಿಸಿಬಿಡಿ ಅತ್ತೆ." ಅವರು ಜಡೆಯನ್ನು ಕೈಗೆ ಸುತ್ತಿಕೊಂಡರು. ಕತ್ತರಿಸಿದರು.

ಚಿಲಿಪಿಲಿ ಎದ್ದು ಬಂದಳು. ಜಡೆಯಿಲ್ಲದ ನನ್ನನ್ನು ನೋಡಿದವಳೇ ಅತ್ತೆಯ ಹಿಂದೆ ಅಡಗಿದಳು.

"ಬಾ ಪುಟ್ಟಿ, ನಾನೇ."

ಬರಲಿಲ್ಲ. ಅತ್ತೆಯನ್ನು ಕೇಳಿದಳು — "ಅಮ್ಮ ಎಲ್ಲಿ?"

ಎರಡು ಮಾತು ಜೋಡಿಸಿ ಆಡಿದ್ದು ಎಷ್ಟೋ ದಿನದ ಮೇಲೆ. ಅತ್ತೆ ಅಳುತ್ತಲೇ ನಕ್ಕುಬಿಟ್ಟರು. ಇಲ್ಲೇ ಇದ್ದೀನಲ್ಲ ಅಂದೆ. ಮೆಲ್ಲಗೆ ಬಂದು ನನ್ನ ಬೆನ್ನ ಮೇಲೆ ಕೈಯಾಡಿಸಿದಳು, ಜಡೆ ಹುಡುಕಿದಳು. ಆಮೇಲೆ ಬಾಗಿಲ ತನಕ ನಡೆದು, ಹೊರಗೆ ನೋಡುತ್ತಾ, ಮತ್ತೆ ಅದನ್ನೇ ಕೇಳಿದಳು — "ಅಮ್ಮ ಎಲ್ಲಿ?"