ಗೃಹಪ್ರವೇಶದ ಡಿವಿಡಿ

ನವೆಂಬರ್ 14, ಶುಕ್ರವಾರ. ಬ್ರ್ಯಾಂಪ್ಟನ್, ಕೆನಡಾ.

ಆ ಹೆಂಗಸಿನ ಮುಖ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ತಂಗಿ ನಿವೇದಿತಾಳನ್ನು ಮದುವೆಯಾಗಲಿರುವ ಹೇಮಂತನ ತಾಯಿ ವಿಶಾಲಾಕ್ಷಮ್ಮ ಮೊನ್ನೆ ದಾವಣಗೆರೆಯ ಗೃಹಪ್ರವೇಶದ ಹಳೆಯ ಡಿವಿಡಿ ಕೊಟ್ಟಿದ್ದರು. ತೀರಿಹೋದ ಯಜಮಾನರು ಅದರಲ್ಲಿದ್ದಾರೆ, ಮದುವೆಯಲ್ಲಿ ತೋರಿಸೋಣ ಎಂದಿದ್ದರು. ಇಂಡಿಯಾದ ‘ಪಾಲ್’ ವಿಡಿಯೋ ಮಾದರಿಯ ಡಿಸ್ಕು ಇಲ್ಲಿನ ಪ್ಲೇಯರಿನಲ್ಲಿ ಓಡುವುದಿಲ್ಲವಾದ್ದರಿಂದ ಅವರೂ ವರ್ಷಗಳಿಂದ ನೋಡಿಲ್ಲ. ಇಲ್ಲಿ ನಡೆಯುವ ಎನ್‌ಟಿಎಸ್‌ಸಿ ಮಾದರಿಗೆ ಬದಲಾಯಿಸಲು ಸಂಜೆ ಲ್ಯಾಪ್‌ಟಾಪಿಗೆ ಹಾಕಿದೆ.

ಹೋಮದ ಮುಂದೆ ಹೇಮಂತ ಕೂತಿದ್ದ, ಪಕ್ಕದಲ್ಲಿ ತಾಳಿ ಹಾಕಿಕೊಂಡ ಹೆಂಗಸು. "ದಂಪತಿಗಳು ಎದ್ದು ನಮಸ್ಕಾರ ಮಾಡಿ" ಎಂದರು ಪುರೋಹಿತರು. ಏಳುವಾಗ ಅವನು ಅವಳ ರಟ್ಟೆ ಹಿಡಿದ ರೀತಿಗೆ ಅವಳ ಮುಖ ನೋವಿನಿಂದ ಕಿವುಚಿಕೊಂಡಿತು.

ನಿವೇದಿತಾಳನ್ನು ಕರೆದು ತೋರಿಸಿದೆ. "ನಂಗೂ ಇದೇ ಫಸ್ಟ್ ಮ್ಯಾರೇಜ್ ಅಂದಿದ್ದ ಅಕ್ಕ" ಎಂದಳು ಮೆಲ್ಲಗೆ.

ವಿಶಾಲಾಕ್ಷಮ್ಮನಿಗೆ ಫೋನ್ ಮಾಡಿ, ಹೇಮಂತನ ಪಕ್ಕ ಕೂತ ಹೆಂಗಸು ಯಾರೆಂದು ಕೇಳಿದೆ. "ಆ ಪಾರ್ಟು ಕಟ್ ಮಾಡಿಬಿಡಮ್ಮ" ಎಂದರು.

"ಅವರು ಈಗೆಲ್ಲಿದ್ದಾರೆ?"

"ಅದನ್ನ ನಮ್ಮನೇಲಿ ಯಾರೂ ಕೇಳಲ್ಲ."

ಆಮೇಲೆ ಹೇಮಂತನದೇ ಫೋನು. "ಡಿಸ್ಕ್ ತಗೊಳ್ಳೋಕೆ ಬರ್ತಿದೀನಿ. ನಿವೇದಿತಾನೂ ರೆಡಿ ಇರಲಿ."

ಬಾಗಿಲಿಗೆ ಚಿಲಕ ಹಾಕಿದ್ದೇವೆ. ತಂಗಿ ನಿಶ್ಚಿತಾರ್ಥದ ಉಂಗುರ ತೆಗೆದಿಟ್ಟಿದ್ದಾಳೆ. ಮನೆ ಮುಂದಿನ ಡ್ರೈವ್‌ವೇಯಲ್ಲಿ ಅವನ ಕಾರು ಬಂದು ನಿಂತು ಎಷ್ಟೋ ಹೊತ್ತಾಯಿತು. ಬೆಲ್ ಮಾಡುತ್ತಿಲ್ಲ, ಹೊರಟೂ ಹೋಗುತ್ತಿಲ್ಲ. ಪೊಲೀಸರಿಗೆ ಫೋನ್ ಮಾಡಿದರೆ ಏನೆಂದು ಹೇಳಲಿ?